ಬಾಲಮಂದಿರ ಜೈಲಲ್ಲ ಮಾರಾಯ್ರೆ

ನಮಸ್ಕಾರ, ಮಂಗಳೂರಿನಿಂದ. ಕಳೆದ ಎಪಿಸೋಡ್‌ನಲ್ಲಿ ಇಲ್ಲಿನ ಬೊಂದೆಲ್‌ನ ಬಾಲಮಂದಿರದ, ಅಂದರೆ ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಮನೆಯ, ಹೆಸರು ಎತ್ತಿದ್ದೇ ತಡ, ಒಬ್ಬರು ಕಮೆಂಟ್ ಹಾಕಿದ್ದಾರೆ: "ಅಲ್ಲಿರೋದೆಲ್ಲ ಕಳ್ಳ ಹುಡುಗ್ರು ಅಲ್ವಾ, ಅವರ ಮೇಲೆಂತ ಕರುಣೆ?" ಅದಕ್ಕೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕ್ ಬಂದಿದೆ! ಎಂತ ಹೇಳೋದು.

ಕೇಳಿ. ಸೆಂಟ್ರಲ್ ಸ್ಟೇಷನ್‌ನಲ್ಲಿ ಬೆಳಗಿನ ರೈಲಿನಿಂದ 11 ವರ್ಷದ ಹುಡುಗ ಇಳಿದ ಅಂತಿಟ್ಟುಕೊಳ್ಳಿ. ಕಾಲಿಗೆ ದೊಡ್ಡವರ ಚಪ್ಪಲಿ, ಕೈಯಲ್ಲಿ ಜವಳಿ ಅಂಗಡಿಯ ಚೀಲ, ಅದರೊಳಗೆ ಒಂದೇ ಅಂಗಿ. ಮನೆಯಲ್ಲಿ ಪೆಟ್ಟು ತಡೆಯದೆ ಓಡಿ ಬಂದವನು. ಅವನು ಎಂತ ಕದ್ದ? ಅವನನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲಮಂದಿರಕ್ಕೆ ಕಳಿಸುವುದು ಆ ಸಮಿತಿ.

ಇನ್ನೊಬ್ಬ, 15 ವರ್ಷ, ಹಂಪನಕಟ್ಟೆಯಲ್ಲಿ ಯಾರದೋ ಬೈಕ್ ಎತ್ತಿದ. ಅವನು ಹೋಗುವುದು ಮಕ್ಕಳ ಮೇಲಿನ ಕೇಸು ನೋಡುವ ಬಾಲ ನ್ಯಾಯ ಮಂಡಳಿಗೆ. ಜಾಮೀನು ಆಗದಿದ್ದರೆ, ವಿಚಾರಣೆ ಮುಗಿಯುವ ತನಕ ಇಡುವ ವೀಕ್ಷಣಾಲಯ. ತಪ್ಪು ಸಾಬೀತಾಗಿ ಮಂಡಳಿ ಹೇಳಿದರೆ ವಿಶೇಷ ಗೃಹ, ಅದೂ ಹೆಚ್ಚೆಂದರೆ 3 ವರ್ಷ. ಲಾಕಪ್ಪಿಗೆ ಅವನನ್ನೂ ಹಾಕುವಂತಿಲ್ಲ.

ಇಬ್ಬರು ಮಕ್ಕಳು, ಎರಡು ಬಾಗಿಲು. ನನ್ನ ಪಾಯಿಂಟ್ ಇಷ್ಟೇ.

ಇದು ಸುಮ್ನೆ ಬಂದದ್ದಲ್ಲ. ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ಮಕ್ಕಳ ಕಾಯಿದೆ ಇತ್ತು, ನಮ್ಮದು 1964ರದ್ದು. 1986ರಲ್ಲಿ ಜಮ್ಮು-ಕಾಶ್ಮೀರ ಬಿಟ್ಟು ದೇಶಕ್ಕೆಲ್ಲ ಒಂದೇ ಕಾನೂನು ಬಂತು. ಆದರೂ ವಿಚಾರಣೆ ಮುಗಿಯುವ ತನಕ ದಿಕ್ಕಿಲ್ಲದವನೂ ಕೇಸಿನವನೂ ಅದೇ ವೀಕ್ಷಣಾಲಯದಲ್ಲಿ ಕೂರಬಹುದಿತ್ತು. 2000ದಲ್ಲಿ ದಾರಿ ಬೇರೆಯಾಯಿತು. ಈಗಿರುವುದು 2015ರ ಕಾಯಿದೆ. ಅದರ 2016ರ ಮಾದರಿ ನಿಯಮದಲ್ಲಿ ಸ್ಪಷ್ಟವಾಗಿ ಉಂಟು: ಈ ಎರಡು ಬಗೆಯ ಮಕ್ಕಳ ಸಂಸ್ಥೆಗಳ ಆವರಣವೇ ಬೇರೆ ಇರಬೇಕು. ಬೇರೆ ಕೋಣೆ ಸಾಲದು. ಬೇರೆ ಆವರಣ!

"ಒಂದೇ ಕಡೆ ಇಟ್ಟರೆ ಖರ್ಚು ಕಮ್ಮಿ ಅಲ್ವಾ ಸರ್?" ಬಂತು ನೋಡಿ ಲೆಕ್ಕದ ಮೇಷ್ಟ್ರ ಕಮೆಂಟ್. ಮೀನಿನ ದಕ್ಕೆಯಲ್ಲಿ ಬಂಗುಡೆ ಮೀನಿಗೂ ಬೂತಾಯಿ ಮೀನಿಗೂ ಬೇರೆ ಬುಟ್ಟಿ ಇಡುವ ಊರು ನಮ್ಮದು. ಮಕ್ಕಳ ವಿಷಯ ಬಂದಾಗ ಮಾತ್ರ ಬುಟ್ಟಿಗೆ ದುಡ್ಡಿಲ್ಲವಾ?

ಇನ್ನೊಬ್ಬರಿಗೆ ಹುಡುಗರ ಹೆಸರು, ಫೋಟೋ ಬೇಕಂತೆ. ಸ್ವಾಮಿ, ಎರಡೂ ಕಡೆಯ ಮಕ್ಕಳ ಗುರುತು ಹೊರಗೆ ಹಾಕಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಬೀಳಬಹುದು. ಈ ಚಾನೆಲ್ ಮಾರಿದರೂ ಅಷ್ಟು ಹುಟ್ಟಲಿಕ್ಕಿಲ್ಲ. ಅದಕ್ಕೇ ಹೇಳುವುದು, ಸಬ್‌ಸ್ಕ್ರೈಬ್ ಮಾಡಿ ಅಂತ.

ಬಾಲಮಂದಿರದ ಮಗು ಕಳ್ಳ ಅಲ್ಲ. ಕೇಳಿಸ್ತಾ? ಕದ್ದವನೂ ಮಗುವೇ, ಆದರೆ ಅವನ ಜಾಗ ಬೇರೆ. ಅಲ್ಲ, ಎಷ್ಟು ಸಲ ಹೇಳಬೇಕು? ಬೇರೆ ಸಮಿತಿ, ಬೇರೆ ಮಂಡಳಿ, ಬೇರೆ ಗೇಟು. ಗೊತ್ತಿಲ್ಲದಿದ್ದರೆ ಸುಮ್ಮನಿರಿ, ಕಮೆಂಟ್ ಹಾಕಲೇಬೇಕು ಅಂತ ಯಾವ ಕಾನೂನೂ ಇಲ್ಲ. ಮಗು ಒಂಟಿಯಾಗಿ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಬಿಡಿ, ಬಿಪಿ ಏರ್ತಾ ಉಂಟು. ಬೆಲ್ ಒತ್ತಿ. ಮುಂದಿನ ವಾರ ಸಿಟಿ ಬಸ್ಸಿನ ಹಾರ್ನ್ ಬಗ್ಗೆ. ಅದರಲ್ಲಿ ಇನ್ನೂ ಜಾಸ್ತಿ ಬೈಯುವುದು ಉಂಟು.