ಹೊಳೆ ಕೊರೆದ ಏರುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯುವುದು ಕಷ್ಟ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಹೆಸರು ಹೇಳಿಕೊಳ್ಳುವಂಥ ಒಂದು ಬೆಟ್ಟವೂ ಇಲ್ಲದ, ಕಾಡು ಮತ್ತು ಹೊಳೆಗಳೇ ತುಂಬಿದ ಹಳ್ಳಿಗಾಡಿನ ದಾರಿಯಲ್ಲಿ ಅರ್ಧ ದಿನ ತುಳಿದು, ತೊಡೆ ನಡುಗುತ್ತ ಸೇತುವೆಯ ಕಟ್ಟೆಯ ಮೇಲೆ ಕುಳಿತವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇಲ್ಲಿ ಬೆಟ್ಟವೇ ಇಲ್ಲವಲ್ಲ, ಇಷ್ಟೊಂದು ಏರು ಎಲ್ಲಿಂದ ಬಂತು ಎನ್ನುವುದೇ ಅವರ ಪ್ರಶ್ನೆ. ಉತ್ತರ ಅವರು ಕುಳಿತ ಕಟ್ಟೆಯ ಕೆಳಗೇ ಹರಿಯುತ್ತಿರುತ್ತದೆ. ಆ ಏರನ್ನು ಮಾಡಿದ್ದು ಹೊಳೆ.

ಬೆಲ್ಜಿಯಂ ದೇಶದ ದಕ್ಷಿಣ ಭಾಗದ ಅರ್ಡೆನ್ ಎಂಬ ಕಾಡುಸೀಮೆಯನ್ನೇ ತೆಗೆದುಕೊಳ್ಳಿ. ಇಡೀ ದೇಶದಲ್ಲಿ ಅತಿ ಎತ್ತರದ ಜಾಗವಾದ ಬೊಟ್ರಾಂಜ್ ಸಮುದ್ರಮಟ್ಟದಿಂದ ಬರೀ 694 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಿಂತರೆ ಶಿಖರ ಏರಿದ ಹಾಗೆ ಅನಿಸುವುದೂ ಇಲ್ಲ, ಸುತ್ತಲೂ ಹೆಚ್ಚುಕಡಿಮೆ ಸಪಾಟು ನೆಲ. ಹೀಗಿದ್ದೂ ಈ ಸೀಮೆಯಲ್ಲಿ ನಡೆಯುವ ಲೀಯೆಜ್-ಬಾಸ್ಟೋನ್-ಲೀಯೆಜ್ ಸೈಕಲ್ ಪಂದ್ಯ ಜಗತ್ತಿನ ಕಠಿಣ ಪಂದ್ಯಗಳ ಸಾಲಿನಲ್ಲಿದೆ. 1892ರಲ್ಲಿ ಮೊದಲ ಸಲ ನಡೆದ ಪಂದ್ಯ ಅದು. ಸುಮಾರು 250 ಕಿಲೋಮೀಟರ್ ದಾರಿ. ಆ ದಾರಿಯ ಏರುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ 4,000 ಮೀಟರ್ ಮೀರುತ್ತದೆ. ಏಳುನೂರು ಮೀಟರ್ ಕೂಡ ಇಲ್ಲದ ನಾಡಿನಲ್ಲಿ ನಾಲ್ಕು ಸಾವಿರ ಮೀಟರ್ ಏರುವುದು ಹೇಗೆ?

ಅರ್ಡೆನ್ ಮೂಲದಲ್ಲಿ ಒಂದು ಪ್ರಸ್ಥಭೂಮಿ. ಊರ್ತ್, ಆಂಬ್ಲೆವ್ ಮುಂತಾದ ನದಿಗಳು ಲಕ್ಷಾಂತರ ವರ್ಷ ಅದನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿವೆ. ಮೇಲಿನ ನೆಲ ಇದ್ದ ಹಾಗೆಯೇ ಇದೆ, ನದಿ ಮಾತ್ರ ಕೆಳಗಿಳಿದಿದೆ. ರಸ್ತೆ ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ದಿಣ್ಣೆ ಹತ್ತಲೇಬೇಕು, ಹತ್ತಿದ್ದನ್ನೆಲ್ಲ ಮತ್ತೆ ಇಳಿಯಲೇಬೇಕು. ಇನ್ನೂರು ಮೀಟರಿನ ಏರು ಒಂದೇ ಒಂದಾದರೆ ಯಾರಿಗೂ ಹೆದರಿಕೆಯಿಲ್ಲ. ಅದೇ ಇಪ್ಪತ್ತು ಸಲ ಬಂದರೆ ಹೆದರಬೇಕು. ಆಂಬ್ಲೆವ್ ಕಣಿವೆಯಿಂದ ಮೇಲೇಳುವ ಲಾ ರೆದೂತ್ ಎಂಬ ಏರು ಆ ಪಂದ್ಯದಲ್ಲಿ ಹೆಸರಾದದ್ದು. ಅದರ ಉದ್ದ ಎರಡು ಕಿಲೋಮೀಟರ್ ಆಸುಪಾಸು, ಅಷ್ಟೆ. ಆದರೆ ಸರಾಸರಿ ಪ್ರತಿ ನೂರು ಮೀಟರಿಗೆ ಒಂಬತ್ತು ಮೀಟರಿನಷ್ಟು ಎತ್ತರ ಏರುತ್ತದೆ. ಎತ್ತರದ ಪರ್ವತಗಳ ರಸ್ತೆಗಳನ್ನು ಹಾವಿನ ಹಾಗೆ ಸುತ್ತಿ ಸುತ್ತಿ, ಏರು ಹದವಾಗುವಂತೆ ಕಟ್ಟಿರುತ್ತಾರೆ. ಕಣಿವೆಯ ಹಳ್ಳಿ ರಸ್ತೆಗಳಿಗೆ ಆ ಭಾಗ್ಯವಿಲ್ಲ. ಅವು ಕಾಲುದಾರಿ, ಗಾಡಿದಾರಿಗಳ ಮೇಲೇ ಡಾಂಬರು ಕಂಡವು, ಎದುರಿನ ದಿಣ್ಣೆಗೆ ನೆಟ್ಟಗೆ ನುಗ್ಗುತ್ತವೆ.

ಆದ್ದರಿಂದ ಇಂಥ ಸೀಮೆಯಲ್ಲಿ ದಾರಿಗಳು ಎರಡೇ ಬಗೆ. ಹೊಳೆಯ ಜೊತೆ ಹೋಗುವ ದಾರಿ, ಹೊಳೆಯನ್ನು ಅಡ್ಡ ಹಾಯುವ ದಾರಿ. ಜೊತೆ ಹೋಗುವ ದಾರಿ ಉದ್ದ. ಹೊಳೆ ಬಳಸಿದಲ್ಲೆಲ್ಲ ತಾನೂ ಬಳಸುತ್ತದೆ, ಆದರೆ ಉಸಿರು ಕಟ್ಟಿಸುವುದಿಲ್ಲ. ಹಳೆಯ ರೈಲು ಹಳಿಗಳನ್ನು ಕಿತ್ತು ಸೈಕಲ್ ದಾರಿ ಮಾಡಿದ ಕಡೆಗಳಲ್ಲಂತೂ ಏರು ಇದೆಯೆಂಬುದೇ ಗೊತ್ತಾಗುವುದಿಲ್ಲ, ಏಕೆಂದರೆ ಕಡಿದಾದ ಏರು ಉಗಿಬಂಡಿಗೂ ಆಗುತ್ತಿರಲಿಲ್ಲ. ಅಡ್ಡ ಹಾಯುವ ದಾರಿ ಗಿಡ್ಡ. ನಕಾಶೆಯಲ್ಲಿ ನೋಡಿದರೆ ಎಂಟು ಕಿಲೋಮೀಟರ್, ಅರ್ಧ ಗಂಟೆಯ ಮಾತು ಎನಿಸುತ್ತದೆ. ಹೊಸಬರು ಮೋಸಹೋಗುವುದು ಅಲ್ಲೇ.

ಲೆಕ್ಕ ನೋಡೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಇದ್ದರೆ, ನೂರು ಮೀಟರ್ ಎತ್ತರಕ್ಕೆ ಏರಲು ಸುಮಾರು 78 ಕಿಲೋಜೂಲ್ ಕೆಲಸ ಆಗಬೇಕು. ನಮ್ಮ ಮೈ ತಿಂದ ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಪಾಲನ್ನು ಮಾತ್ರ ಪೆಡಲಿಗೆ ಕೊಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ತಿನ್ನಬೇಕಾದದ್ದು ಆ ಕೆಲಸದ ನಾಲ್ಕರಷ್ಟು. ಒಂದು ಕಿಲೋಕ್ಯಾಲರಿ ಎಂದರೆ ಸುಮಾರು 4.2 ಕಿಲೋಜೂಲ್, ಆ ಲೆಕ್ಕದಲ್ಲಿ ನೂರು ಮೀಟರಿಗೆ 75ರಿಂದ 80 ಕಿಲೋಕ್ಯಾಲರಿ ಖರ್ಚು. ನಾಲ್ಕು ಸಾವಿರ ಮೀಟರಿಗೆ ಮೂರು ಸಾವಿರ ಕಿಲೋಕ್ಯಾಲರಿ. ಒಬ್ಬ ವಯಸ್ಕ ಇಡೀ ದಿನ ಉಣ್ಣುವುದಕ್ಕಿಂತ ಹೆಚ್ಚು, ಬರೀ ಏರಿಗೆ. ಇಳಿಜಾರಿನಲ್ಲಿ ಅದು ಮರಳಿ ಬರುವುದಿಲ್ಲವೇ ಎಂದು ಕೇಳಬಹುದು. ಬಹುಪಾಲು ಬರುವುದಿಲ್ಲ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಗಾಳಿ ತಿಂದು ಉಳಿದದ್ದನ್ನು ಕೊನೆಯ ತಿರುವಿನಲ್ಲಿ ಬ್ರೇಕು ತಿನ್ನುತ್ತದೆ. ಸೇತುವೆ ದಾಟಿದ ಕೂಡಲೇ ಕೈ ಬರಿದು, ಎದುರಿಗೆ ಮತ್ತೆ ಏರು.

ಸಪಾಟಿನಲ್ಲಿ ಗಂಟೆಗೆ 27 ಕಿಲೋಮೀಟರ್ ಸಾಗಿಸುವ ಅದೇ ಶ್ರಮ, ನೂರಕ್ಕೆ ಹತ್ತರ ಏರಿನಲ್ಲಿ ಏಳು ಕಿಲೋಮೀಟರ್ ಸಾಗಿಸಿದರೆ ಹೆಚ್ಚು. ನಡಿಗೆಗಿಂತ ಸ್ವಲ್ಪ ಜೋರು. ಆಗ ಗೇರ್ ಇಲ್ಲದಿದ್ದರೆ ಗತಿಯೇನು? ಈ ಪ್ರಶ್ನೆಯನ್ನು ಹಿಡಿದು ಬಾಳಿಡೀ ಹೋರಾಡಿದ ಒಬ್ಬರಿದ್ದರು. ಫ್ರಾನ್ಸಿನ ಸೇಂಟ್ ಎಟಿಯೆನ್ ಪಟ್ಟಣದ ಪಾಲ್ ದ ವಿವಿ. 1853ರಲ್ಲಿ ಹುಟ್ಟಿದವರು, ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಸೈಕಲ್ ಪ್ರವಾಸಕ್ಕೇ ಮೀಸಲಾದ ಪತ್ರಿಕೆ ನಡೆಸಿದರು, ಏರಿಗೊಂದು ಸಪಾಟಿಗೊಂದು ಗೇರ್ ಬೇಕು ಎಂದು ದಶಕಗಳ ಕಾಲ ವಾದಿಸಿದರು. ಗೇರ್ ಬದಲಿಸುವುದು ಮುದುಕರ, ಅಶಕ್ತರ ಉಪಾಯ ಎಂದು ಪಂದ್ಯದ ಲೋಕ ಅವರ ಮಾತನ್ನು ತಳ್ಳಿಹಾಕಿತು. ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸಿ ಗೇರ್ ಬದಲಿಸುವ ಸಾಧನಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೋಸಿಯೊ ಅದನ್ನು ನೋಡಲಿಲ್ಲ. 1930ರಲ್ಲಿ, ಸೈಕಲನ್ನು ಕೈಯಲ್ಲಿ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಾಗ ಟ್ರಾಂ ಬಡಿದು ತೀರಿಕೊಂಡರು. ಚಿಕ್ಕ ಗೇರಿಗೆ ಇಳಿಯಲು ಇವತ್ತಿಗೂ ನಾಚುವ ಸವಾರರನ್ನು ಕಂಡಾಗ ನನಗೆ ಆ ಹಿರಿಯರ ನೆನಪಾಗಿ ನಿಜವಾಗಿ ಬೇಸರವಾಗುತ್ತದೆ. ಮುಂದಿನ ಹಲ್ಲುಗಾಲಿಗೆ 34 ಹಲ್ಲು, ಹಿಂದಿನದಕ್ಕೂ 34 ಹಲ್ಲು ಇರಲಿ. ಪೆಡಲ್ ಒಂದು ಸುತ್ತಿದರೆ ಗಾಲಿಯೂ ಒಂದೇ ಸುತ್ತು, ಎರಡು ಮೀಟರಿಗೆ ತುಸು ಹೆಚ್ಚು ದೂರ. ಮಂಡಿ ಉಳಿಯುತ್ತದೆ, ಸುತ್ತಲಿನ ಕಾಡು ಕಣ್ಣಿಗೆ ಬೀಳುತ್ತದೆ.

ಏರಿನಲ್ಲಿ ಕಾಡು ನಿಜಕ್ಕೂ ಹತ್ತಿರ ಬರುತ್ತದೆ. ಏಳು ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಸದ್ದಿಲ್ಲ. ಚೈನು ಹಲ್ಲಿನಿಂದ ಹಲ್ಲಿಗೆ ಕೂರುವ ಕಿರುಸದ್ದು, ನಿಮ್ಮ ಉಸಿರು, ಎಲ್ಲೋ ಕೆಳಗೆ ಹೊಳೆಯ ಮೊರೆತ. ಮೇಲೇರಿದಷ್ಟೂ ಆ ಮೊರೆತ ಸಣ್ಣದಾಗುತ್ತದೆ, ಒಂದು ತಿರುವಿನ ನಂತರ ನಿಂತೇ ಹೋಗುತ್ತದೆ. ನಾನು ಏರು ಎಷ್ಟು ಮುಗಿಯಿತು ಎಂದು ತಿಳಿಯುವುದು ಅದರಿಂದಲೇ. ಕಿರುದಾರಿಯಾದರೆ ನಡುವೆ ಒಂದು ಗೇಣಗಲ ಪಾಚಿ ಬೆಳೆದಿರುತ್ತದೆ, ಎರಡು ಕಡೆ ಬಂಡಿಗಾಲಿ ಓಡಾಡಿ ಸ್ವಚ್ಛವಾಗಿರುತ್ತದೆ. ನಿಂತು ತುಳಿಯುವಾಗ ಹಿಂದಿನ ಗಾಲಿ ಆ ಪಾಚಿಯ ಮೇಲೆ ಹೋಯಿತೋ, ಗಿರ್ರನೆ ಒಂದು ಸುತ್ತು ಸುಮ್ಮನೆ ತಿರುಗಿ ಎದೆ ಝಲ್ಲೆನ್ನುತ್ತದೆ. ಅಲ್ಲಿ ಸೀಟಿನ ಮೇಲೆ ಕುಳಿತೇ ತುಳಿಯಬೇಕು, ಭಾರ ಹಿಂದಿನ ಗಾಲಿಯ ಮೇಲಿರಬೇಕು.

ಇಳಿಯುವುದು ಬೇರೆಯೇ ವಿದ್ಯೆ. ಬಯಲಿನ ಇಳಿಜಾರಿನಲ್ಲಿ ರಸ್ತೆ ಕಾಣುತ್ತದೆ, ಕಾಡಿನ ಇಳಿಜಾರಿನಲ್ಲಿ ಕಾಣುವುದು ನೆರಳು ಬೆಳಕಿನ ಚಿತ್ತಾರ. ಆ ಚಿತ್ತಾರದೊಳಗೆ ಗುಂಡಿ ಅಡಗುತ್ತದೆ, ಮಳೆ ತಂದು ಸುರಿದ ಸಣ್ಣ ಜಲ್ಲಿ ಅಡಗುತ್ತದೆ. ಮರದ ನೆರಳಿನ ರಸ್ತೆ ಮಳೆ ನಿಂತು ಒಂದು ಹಗಲು ಕಳೆದರೂ ಒಣಗುವುದಿಲ್ಲ.

ಎಲೆ ಉದುರುವ ಕಾಲದಲ್ಲಿ ಒಮ್ಮೆ ನಾನು ಇಂಥದೇ ಇಳಿಜಾರಿನ ಕೊನೆಯ ತಿರುವಿಗೆ ಬರುತ್ತಿದ್ದೆ. ಆಚೆಗೆ ಸೇತುವೆ ಕಾಣುತ್ತಿತ್ತು. ಮೇಲೆಲ್ಲ ಒಣಗಿದ ರಸ್ತೆ, ಧೈರ್ಯ ಬಂದಿತ್ತು. ತಿರುವಿನೊಳಗೆ ಎಲೆಗಳ ಒಂದು ಹಾಸು, ಮೇಲೆ ಒಣಗಿ ಬಂಗಾರದ ಬಣ್ಣ. ಅಡಿಯಲ್ಲಿ ಕೊಳೆತು ಲೋಳೆಯಾಗಿತ್ತು. ಮುಂದಿನ ಬ್ರೇಕ್ ಹಿಡಿದ ಕ್ಷಣವೇ ಮುಂಗಾಲಿ ಜಾರಿತು. ಮೊಣಕೈ, ಸೊಂಟ, ಆಮೇಲೆ ಹೆಲ್ಮೆಟ್ ಈ ಕ್ರಮದಲ್ಲಿ ನೆಲ ಮುಟ್ಟಿದವು. ಕೈಗವಸಿನ ಅಂಗೈ ಭಾಗ ಹರಿದು ಅದರೊಳಗೆ ಎಲೆಯ ಒಂದು ತುಂಡು ಅಂಟಿಕೊಂಡಿತ್ತು. ತಪ್ಪು ನನ್ನದೇ. ಬ್ರೇಕ್ ಹಿಡಿಯುವ ಕೆಲಸ ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ ಮುಗಿಯಬೇಕು. ತಿರುವಿನೊಳಗೆ ಹೊರಬದಿಯ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ, ಕಣ್ಣು ದಾರಿ ಬಿಚ್ಚಿಕೊಳ್ಳುವ ಕಡೆಗೆ. ನದಿ ಕಣಿವೆಯ ಇಳಿಜಾರುಗಳಲ್ಲಿ ಕೊನೆಯ ತಿರುವೇ ಹೆಚ್ಚಾಗಿ ಮೋಸದ ತಿರುವು. ವೇಗ ಪೂರ್ತಿ ಕೂಡಿರುತ್ತದೆ, ತೇವ ಅಲ್ಲೇ ಜಾಸ್ತಿ, ರಸ್ತೆ ಸೇತುವೆಗೆಂದು ಥಟ್ಟನೆ ಹೊರಳುತ್ತದೆ.

ಚಳಿಯ ವಿಷಯವನ್ನೂ ಹೇಳಬೇಕು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ನೀರಿನ ಹಾಗೆಯೇ ಕೆಳಗೆ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬೆಳಗ್ಗೆ ದಿಣ್ಣೆಯ ಮೇಲೆ ಬಿಸಿಲು, ತಳದಲ್ಲಿ ಮಂಜು. ಬೆವರಿ ಏರಿದ ಮೈ ಹತ್ತು ನಿಮಿಷದೊಳಗೆ ಆ ಮಂಜಿಗೆ ಇಳಿಯುತ್ತದೆ. ಹಳೆಯ ಕಾಲದ ಪಂದ್ಯಾಳುಗಳು ಏರಿನ ತುದಿಯಲ್ಲಿ ದಿನಪತ್ರಿಕೆಯ ಹಾಳೆ ಪಡೆದು ಅಂಗಿಯೊಳಗೆ ಎದೆಗೆ ಹೊದ್ದುಕೊಳ್ಳುತ್ತಿದ್ದರು. ನಾನೂ ಮಾಡಿದ್ದೇನೆ. ಎರಡು ಹಾಳೆ ಸಾಕು, ಗಾಳಿ ಎದೆಗೆ ತಾಗುವುದಿಲ್ಲ.

ಅರ್ಡೆನ್ ಪಂದ್ಯದಲ್ಲೇ 1980ರ ಏಪ್ರಿಲಿನಲ್ಲಿ ಹಿಮ ಸುರಿಯಿತು. ನೂರೆಪ್ಪತ್ತಕ್ಕೂ ಹೆಚ್ಚು ಮಂದಿ ಹೊರಟಿದ್ದರು, ಗುರಿ ಮುಟ್ಟಿದವರು 21 ಮಂದಿ. ಗೆದ್ದ ಫ್ರಾನ್ಸಿನ ಬರ್ನಾರ್ ಇನೋ ಎರಡನೆಯವರಿಗಿಂತ ಒಂಬತ್ತು ನಿಮಿಷಕ್ಕೂ ಮುಂಚೆ ಬಂದರು. ಆ ದಿನದ ಚಳಿ ಅವರ ಬೆರಳುಗಳಲ್ಲಿ ಶಾಶ್ವತವಾಗಿ ಉಳಿಯಿತು. ಆ ಗೆಲುವಿಗೆ ನಾನು ತಲೆಬಾಗುತ್ತೇನೆ. ಆದರೆ ಅರ್ಧದಲ್ಲೇ ಇಳಿದು ಬೆಚ್ಚಗಿನ ಕೋಣೆ ಸೇರಿದವರನ್ನು ಹೇಡಿಗಳೆಂದು ಕರೆಯಲು ಒಪ್ಪುವುದಿಲ್ಲ. ಕೈ ಮರಗಟ್ಟಿದ ಸವಾರನಿಗೆ ಬ್ರೇಕ್ ಹಿಡಿಯಲಾಗದು, ಎದುರಿಗಿರುವುದು ಇಳಿಜಾರು.

ಹೊಸದಾಗಿ ಹೊರಡುವವರು ಎಷ್ಟು ಕಿಲೋಮೀಟರ್ ಹೋಗಬಹುದು ಎಂದು ನನ್ನನ್ನು ಕೇಳುತ್ತಾರೆ. ನಾನು ಕಿಲೋಮೀಟರ್ ಹೇಳುವುದಿಲ್ಲ. ನಕಾಶೆ ಹರಡಿ, ನಿಮ್ಮ ದಾರಿ ಎಷ್ಟು ನೀಲಿ ಗೆರೆಗಳನ್ನು ಅಡ್ಡ ಹಾಯುತ್ತದೆ ಎಂದು ಎಣಿಸಿ ಎನ್ನುತ್ತೇನೆ. ಒಂದೊಂದು ನೀಲಿ ಗೆರೆಯೂ ಒಂದು ಇಳಿಜಾರು, ಒಂದು ಏರು. ಮೊದಲ ದಿನ ಎರಡು ಸಾಕು. ಉಳಿದ ಹೊತ್ತು ಹೊಳೆಯ ಜೊತೆಗೇ, ಅದು ಹೊರಳಿದ ಕಡೆಗೆ ಹೊರಳುತ್ತ ಹೋಗಿ. ನಾನು ನಾಳೆ ಹೊರಡುವ ದಾರಿಯಲ್ಲಿ ಏಳು ಸೇತುವೆಗಳಿವೆ. ಐದನೆಯದನ್ನು ದಾಟಿದ ಮೇಲಿನ ಏರಿಗೆಂದು ಒಂದು ಬಾಟಲಿ ನೀರನ್ನು ಮುಟ್ಟದೆ ಇಟ್ಟುಕೊಂಡಿರುತ್ತೇನೆ.

ನಮಸ್ಕಾರ.