ಕೈಯ ಸಣ್ಣ ಆಪರೇಷನ್: ಎಲ್ಲಿ ಮಾಡಿಸಿದರೆ ಕ್ಷೇಮ?

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಬಲಗೈಯನ್ನು ಒಮ್ಮೆ ಮುಂದೆ ಚಾಚಿ. ಬೆರಳುಗಳನ್ನು ನಿಧಾನವಾಗಿ ಮಡಚಿ, ಬಿಚ್ಚಿ. ಯಾರಿಗಾದರೂ ಒಂದು ಬೆರಳು ಅರ್ಧಕ್ಕೆ ಸಿಕ್ಕಿಕೊಂಡು, ಆಮೇಲೆ ಟಕ್ ಅಂತ ಬಿಡಿಸಿಕೊಂಡಿತಾ? ಅದು ಟ್ರಿಗರ್ ಫಿಂಗರ್. ಮಧ್ಯರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗಿ, ಕೊಡವಿಕೊಂಡು ಮತ್ತೆ ಮಲಗುವವರು ಇದ್ದೀರಾ? ಅದು ಹೆಚ್ಚಾಗಿ ಕಾರ್ಪಲ್ ಟನಲ್ ತೊಂದರೆ, ಅಂದರೆ ಮಣಿಕಟ್ಟಿನ ಹತ್ತಿರ ನರ ಒತ್ತಿಕೊಂಡಿರುವುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಎರಡೂ ಜಾಸ್ತಿ. ಪಟ್ಟಿ, ಇಂಜೆಕ್ಷನ್ ಯಾವುದಕ್ಕೂ ಜಗ್ಗದಿದ್ದರೆ ಒಂದು ಸಣ್ಣ ಆಪರೇಷನ್ ಮಾಡುತ್ತೇವೆ. ಕತ್ತರಿಸಿ ಹೊಲಿಗೆ ಹಾಕಲು ಹತ್ತು ಹದಿನೈದು ನಿಮಿಷ ಸಾಕು.

ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಡಾಕ್ಟ್ರೇ, ಇದಕ್ಕೆ ದೊಡ್ಡಾಸ್ಪತ್ರೆಗೇ ಹೋಗಬೇಕಾ? ನಮ್ಮೂರ ಆಸ್ಪತ್ರೆಯ ಮೈನರ್ ಓಟಿಯಲ್ಲಿ ಆಗಲ್ವಾ?" ಮೈನರ್ ಓಟಿ ಅಂದರೆ ಸಣ್ಣ ಆಪರೇಷನ್‌ಗಳಿಗೆ ಇರುವ ಕೋಣೆ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಕೆನಡಾದವರು ಮುಂದೆ. ಅಲ್ಲಿನ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಸೇಂಟ್ ಜಾನ್ ಅಂತ ಒಂದು ಊರು. ಅಲ್ಲಿನ ಕೈ ಶಸ್ತ್ರವೈದ್ಯ ಡಾ. ಡೊನಾಲ್ಡ್ ಲಲೋಂಡ್ ಮತ್ತು ಜೊತೆಗಾರರು ದೊಡ್ಡ ಥಿಯೇಟರ್ ಬಿಟ್ಟು ಸಣ್ಣ ಕೋಣೆಯಲ್ಲಿ ಕಾರ್ಪಲ್ ಟನಲ್ ಆಪರೇಷನ್ ಮಾಡುತ್ತಿದ್ದರು. ಪೂರ್ತಿ ಗೌನ್ ಇಲ್ಲ, ಮೈತುಂಬ ಹೊದಿಕೆ ಇಲ್ಲ. ಕೈಗವಸು, ಮಾಸ್ಕ್, ಕೈ ಸುತ್ತ ಒಂದು ಶುದ್ಧ ಬಟ್ಟೆ. ಸೋಂಕು ಜಾಸ್ತಿ ಆಗುತ್ತದಾ ಅಂತ ಹಲವು ಊರುಗಳ ವೈದ್ಯರು ಸೇರಿ ಲೆಕ್ಕ ಇಟ್ಟರು. 2011ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ 1,504 ಆಪರೇಷನ್‌ಗಳಿದ್ದವು. ಚರ್ಮದ ಮಟ್ಟದ ಸೋಂಕು ಆದದ್ದು 6 ಜನಕ್ಕೆ. ಆಳಕ್ಕೆ ಇಳಿದ ಸೋಂಕು ಒಬ್ಬರಿಗೂ ಇಲ್ಲ.

ಈ ಅಂಕಿ ನನಗೆ ಬಹಳ ಮುಖ್ಯ. ಯಾಕೆಂದರೆ ದೊಡ್ಡ ಥಿಯೇಟರಿಗೂ ಅದರದೇ ಆದ ಭಾರ ಇದೆ. ಉಪವಾಸ, ರಕ್ತ ಪರೀಕ್ಷೆ, ಇಸಿಜಿ, ಒಂದು ದಿನದ ದಾಖಲಾತಿ, ಜೊತೆಗೆ ಬಂದವರ ಕೂಲಿ ನಷ್ಟ. ಎಪ್ಪತ್ತು ದಾಟಿದ ಸಕ್ಕರೆ ಕಾಯಿಲೆಯವರನ್ನು ಬರೀ ಬೆರಳಿಗೋಸ್ಕರ ಉಪವಾಸ ಕೂರಿಸಿ, ಪ್ರಜ್ಞೆ ತಪ್ಪಿಸುವುದು ಸುಮ್ನೆ ಅಪಾಯ ಹೆಚ್ಚಿಸಿದ ಹಾಗೆ ಅಲ್ವಾ? ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಅವರು ಬೆಳಿಗ್ಗೆ ಇಡ್ಲಿ ತಿಂದು, ಮಾತ್ರೆ ನುಂಗಿ ಬರಬಹುದು. ಆಪರೇಷನ್ ನಡೆಯುವಾಗಲೇ ಬೆರಳು ಮಡಚಿ ಬಿಚ್ಚಿ ತೋರಿಸಬಹುದು. ಸಿಕ್ಕಿಕೊಳ್ಳುವುದು ನಿಂತಿತೋ ಇಲ್ಲವೋ ಅಂತ ನಮಗೂ ಆಗಲೇ ಗೊತ್ತಾಗುತ್ತದೆ. ನಿದ್ದೆ ಬರಿಸಿದ ಕೈ ಅದನ್ನು ಹೇಳುವುದಿಲ್ಲ.

ಈ ಪದ್ಧತಿಗೆ ವಲಾಂಟ್ ಅಂತ ಹೆಸರು. ಎರಡು ಔಷಧಿಯ ಮಿಶ್ರಣ ಬೇಕು. ಲಿಗ್ನೊಕೇನ್ ನೋವು ತಡೆಯುತ್ತದೆ. ಅಡ್ರಿನಲಿನ್ ರಕ್ತನಾಳ ಬಿಗಿ ಮಾಡಿ ರಕ್ತ ಸೋರದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ತೋಳಿಗೆ ಬಿಗಿಪಟ್ಟಿ ಕಟ್ಟಬೇಕಾಗಿಲ್ಲ. ಆ ಪಟ್ಟಿಯ ನೋವು ಎಷ್ಟೋ ಸಲ ಆಪರೇಷನ್ನಿನ ನೋವಿಗಿಂತ ಜಾಸ್ತಿ.

ಆದರೆ ನಾನು ಓದುವಾಗ ನಮಗೆ ಬಾಯಿಪಾಠ ಮಾಡಿಸಿದ್ದೇ ಬೇರೆ. ಬೆರಳಿಗೆ ಅಡ್ರಿನಲಿನ್ ಯಾವತ್ತೂ ಕೊಡಬಾರದು, ಬೆರಳು ಕಪ್ಪಾಗಿ ಸತ್ತು ಹೋಗುತ್ತದೆ ಅಂತ. ಈ ಭಯ ಹುಟ್ಟಿದ್ದು ಮರಗಟ್ಟಿಸಲು ಪ್ರೊಕೇನ್ ಅನ್ನುವ ಹಳೆಯ ಔಷಧಿ ಕೊಡುತ್ತಿದ್ದ ಕಾಲದಲ್ಲಿ. ಇಟ್ಟಷ್ಟೂ ಆ ಔಷಧಿ ಆಮ್ಲವಾಗುತ್ತಿತ್ತು. ಅವಧಿ ಮೀರಿದ್ದನ್ನು ಚುಚ್ಚಿದರೆ ಬೆರಳಿನ ಮಾಂಸವೇ ಸಾಯುತ್ತಿತ್ತು. ಪ್ರೊಕೇನ್ ಒಂದನ್ನೇ ಕೊಟ್ಟಾಗಲೂ ಹಾಗೆ ಆದದ್ದಿದೆ. ಅಪವಾದ ಮಾತ್ರ ಅಡ್ರಿನಲಿನ್ ತಲೆಗೆ ಬಂತು. ಮುಂದೆ ಕೆನಡಾದ 6 ಊರುಗಳ 9 ವೈದ್ಯರು ಕೈ ಮತ್ತು ಬೆರಳಿಗೆ ಅಡ್ರಿನಲಿನ್ ಕೊಟ್ಟ 3,110 ರೋಗಿಗಳ ಲೆಕ್ಕವನ್ನು 2005ರಲ್ಲಿ ಪ್ರಕಟಿಸಿದರು. ಒಂದು ಬೆರಳೂ ಸಾಯಲಿಲ್ಲ. ಬಿಗಿದ ರಕ್ತನಾಳವನ್ನು ಸಡಿಲಿಸುವ ಫೆಂಟೋಲಮಿನ್ ಅಂತ ಒಂದು ಔಷಧಿ ಇದೆ. ಅದನ್ನು ಕೊಡುವ ಪ್ರಸಂಗವೂ ಒಮ್ಮೆಯೂ ಬರಲಿಲ್ಲ.

ಇನ್ನೊಂದು ಕಡೆ ನೋಡಿ. ಬೆರಳಿನ ಬುಡಕ್ಕೆ ರಬ್ಬರ್ ಪಟ್ಟಿಯನ್ನೋ ಕೈಗವಸಿನ ಸುರುಳಿಯನ್ನೋ ಬಿಗಿದು ಆಪರೇಷನ್ ಮಾಡುವುದು ಹಳೆಯ ರೂಢಿ. ಮುಗಿದ ಮೇಲೆ ಅದನ್ನು ತೆಗೆಯಲು ಮರೆತು ಮೇಲೆ ಬ್ಯಾಂಡೇಜ್ ಸುತ್ತಿದರೆ, ಆ ಬೆರಳು ನಿಜವಾಗಿಯೂ ಸಾಯುತ್ತದೆ. 2009ರಲ್ಲಿ ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ ಇದರ ಬಗ್ಗೆಯೇ ಎಲ್ಲ ಆಸ್ಪತ್ರೆಗಳಿಗೆ ಎಚ್ಚರಿಕೆ ಕಳಿಸಿತು. ನಾವು ಔಷಧಿಗೆ ಹೆದರುತ್ತಾ ಕೂತಿದ್ದೆವು. ಅಪಾಯ ರಬ್ಬರ್ ಪಟ್ಟಿಯಲ್ಲಿತ್ತು.

ಹಾಗಾದರೆ ಸಣ್ಣ ಕೋಣೆ ಯಾವಾಗಲೂ ಕ್ಷೇಮವಾ? ಇಲ್ಲ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಕೆನಡಾದವರು ಗೌನ್ ಬಿಟ್ಟರು, ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಉಪಕರಣ ಶುದ್ಧ ಮಾಡುವ ಯಂತ್ರ, ಬಿಡಲಿಲ್ಲ. ನಮ್ಮ ಕಡೆ ಕೆಲವು ಕಡೆ ಈಗಲೂ ಕತ್ತರಿ, ಚಿಮಟಗಳನ್ನು ನೀರಲ್ಲಿ ಕುದಿಸಿ ಸಾಕು ಅನ್ನುತ್ತಾರೆ. ಸಾಕಾಗಲ್ಲ. ಕೆಲವು ರೋಗಾಣುಗಳ ಬೀಜಕಗಳು ಕುದಿಯುವ ನೀರಲ್ಲೂ ಬದುಕಿರುತ್ತವೆ. ಅವನ್ನು ಕೊಲ್ಲಲು 121 ಡಿಗ್ರಿಯ ಒತ್ತಡದ ಹಬೆ ಬೇಕು. ಶುದ್ಧ ಮಾಡಿದ್ದನ್ನು ನಲ್ಲಿ ನೀರಲ್ಲಿ ತೊಳೆದರೂ ಕೆಟ್ಟಿತು. ಆ ನೀರಲ್ಲಿರುವ ಕೆಲವು ಮೈಕೋಬ್ಯಾಕ್ಟೀರಿಯಾ ಗಾಯಕ್ಕೆ ಸೇರಿದರೆ, ಎಲ್ಲ ವಾಸಿಯಾಯಿತು ಅಂದುಕೊಂಡು ವಾರಗಳು ಕಳೆದ ಮೇಲೆ ಗಂಟು ಕಟ್ಟಿ ಸೋರಲು ಶುರುವಾಗುತ್ತದೆ. ಅದರ ಚಿಕಿತ್ಸೆ ತಿಂಗಳುಗಟ್ಟಲೆ.

ಔಷಧಿಯ ಪ್ರಮಾಣವೂ ಹಾಗೆಯೇ. ಅಡ್ರಿನಲಿನ್ ಸೇರಿದ ಲಿಗ್ನೊಕೇನ್ ಒಂದು ಕಿಲೋ ತೂಕಕ್ಕೆ 7 ಮಿಲಿಗ್ರಾಂ ದಾಟಬಾರದು. 50 ಕಿಲೋ ತೂಕದವರಿಗೆ 350 ಮಿಲಿಗ್ರಾಂ, ಅಂದರೆ ಶೇಕಡ 1ರ ಔಷಧಿ 35 ಎಂಎಲ್. ಕಾರ್ಪಲ್ ಟನಲ್ಲಿಗೆ 20 ಎಂಎಲ್ ಸುತ್ತಮುತ್ತ ಸಾಕಾಗುತ್ತದೆ. ಆದರೆ ಅದಕ್ಕೆ ಮೊದಲು ರೋಗಿಯ ತೂಕ ನೋಡಿರಬೇಕಲ್ಲವೇ? ಸೂಜಿ ಚುಚ್ಚುವಾಗ ಅವರು ಮಲಗಿರಬೇಕು. ಕೂತವರು ಹೆದರಿ ಬವಳಿ ಬಂದು ಬಿದ್ದರೆ ಕೈಗಿಂತ ತಲೆಗೆ ಪೆಟ್ಟು. ಚುಚ್ಚಿದ ಮೇಲೆ ಅರ್ಧ ಗಂಟೆ ಕಾಯಬೇಕು. ಅಡ್ರಿನಲಿನ್ ಪೂರ್ತಿ ಕೆಲಸ ಮಾಡಲು 26 ನಿಮಿಷದಷ್ಟು ಹಿಡಿಯುತ್ತದೆ ಅಂತ 2013ರಲ್ಲಿ ಅಳೆದು ತೋರಿಸಿದ್ದಾರೆ. ಆತುರಪಡುವ ವೈದ್ಯರ ಕೈಯಲ್ಲಿ ಇದೇ ಪದ್ಧತಿ ರಕ್ತಮಯವಾಗುತ್ತದೆ.

ಬೀಡಿ ಸೇದಿ ಬೆರಳಿನ ರಕ್ತನಾಳ ಕಟ್ಟಿಕೊಂಡವರಿದ್ದಾರೆ. ಬೆರಳ ತುದಿ ತಣ್ಣಗೆ, ನೀಲಿಗಟ್ಟಿರುತ್ತದೆ. ಅಂಥವರಿಗೆ ಅಡ್ರಿನಲಿನ್ ಕೊಡಲು ನಾನಂತೂ ಒಪ್ಪಲ್ಲ.

ಈಗ ನನಗೆ ಅತಿ ಚಿಂತೆ ತರುವ ವಿಷಯ. 'ಸಣ್ಣದು' ಅನ್ನುವ ಮಾತು. ನಮ್ಮಜ್ಜಿ ಉಗುರುಸುತ್ತಿಗೆ ನಿಂಬೆಹಣ್ಣು ಕೊರೆದು ಬೆರಳಿಗೆ ಟೊಪ್ಪಿಗೆ ಹಾಗೆ ಸಿಕ್ಕಿಸುತ್ತಿದ್ದರು. ಉಗುರಿನ ಪಕ್ಕದ ಕೀವು ಎಷ್ಟೋ ಸಲ ತಾನಾಗಿಯೇ ಒಡೆದು ಹೋಗುತ್ತದೆ, ಹೆಸರು ನಿಂಬೆಹಣ್ಣಿಗೆ ಬರುತ್ತದೆ. ಒಡೆಯದಿದ್ದರೆ ಮೈನರ್ ಓಟಿಯಲ್ಲಿ ಕೀವು ತೆಗೆದರೆ ಮುಗಿಯಿತು. ಆದರೆ ಅಡಿಕೆ ಸುಲಿಯುವಾಗ ಕತ್ತಿಯ ಮೊನೆ ಬೆರಳಿನ ಒಳಭಾಗಕ್ಕೆ ತಗುಲಿತು ಅಂದುಕೊಳ್ಳಿ. ಗಾಯ ಅಕ್ಕಿಕಾಳಿನಷ್ಟು. ಎರಡು ದಿನದ ಮೇಲೆ ಬೆರಳು ಇಡಿಯಾಗಿ ಊದಿಕೊಳ್ಳುತ್ತದೆ, ಅರ್ಧ ಮಡಚಿಕೊಂಡೇ ಇರುತ್ತದೆ, ಒಳಭಾಗದಲ್ಲಿ ಬುಡದವರೆಗೂ ಮುಟ್ಟಿದರೆ ನೋವು, ಸ್ವಲ್ಪ ನೆಟ್ಟಗೆ ಮಾಡಿದರೆ ಜೀವ ಹೋದಂತೆ. ಈ ನಾಲ್ಕು ಗುರುತುಗಳಿಗೆ ಷಿಕಾಗೋದ ಶಸ್ತ್ರವೈದ್ಯ ಕ್ಯಾನವೆಲ್ ಅವರ ಹೆಸರಿದೆ. ನೂರು ವರ್ಷ ಕಳೆದರೂ ನಾವು ಇವನ್ನೇ ನೋಡುತ್ತೇವೆ. ಇವು ಕಂಡರೆ ಕೀವು ಸ್ನಾಯುರಜ್ಜು, ಅಂದರೆ ಬೆರಳನ್ನು ಮಡಚುವ ಹಗ್ಗದಂಥ ನಾರು, ಜಾರುವ ಕೊಳವೆಯೊಳಗೆ ಸೇರಿದೆ ಅಂತ ಅರ್ಥ. ಅಲ್ಲಿ ಮೈನರ್ ಓಟಿಯಲ್ಲಿ ಒಂದು ಗೀಟು ಎಳೆದು ಮನೆಗೆ ಕಳಿಸುವುದು ತಪ್ಪು. ಅವರನ್ನು ಅವತ್ತೇ ದೊಡ್ಡ ಥಿಯೇಟರ್ ಇರುವ ಕಡೆ ಕಳಿಸಬೇಕು, ರಾತ್ರಿಯಾದರೂ ಸರಿ. ಪೇಂಟ್ ಸಿಂಪಡಿಸುವ ಯಂತ್ರದ ಮೂತಿ ಬೆರಳಿಗೆ ತಗುಲಿದರೂ ಅಷ್ಟೇ. ಹೊರಗೆ ಸೂಜಿ ಚುಚ್ಚಿದಷ್ಟು ತೂತು. ಒಳಗೆ ಪೇಂಟ್ ಅಂಗೈವರೆಗೂ ಹರಿದಿರುತ್ತದೆ.

ಗಾಜು ತಗುಲಿದವರಿಗೆ ಹೊಲಿಗೆ ಹಾಕುವ ಮುಂಚೆ ಬೆರಳ ತುದಿಯನ್ನು ಮುಟ್ಟಿ, ಗೊತ್ತಾಗುತ್ತದಾ ಅಂತ ಕೇಳಬೇಕು. ಮರಗಟ್ಟಿಸಿದ ಮೇಲೆ ಕೇಳಿ ಪ್ರಯೋಜನ ಇಲ್ಲ. ಯಾರೂ ಕೇಳದಿದ್ದರೆ ನೀವೇ ಹೇಳಿ: "ಈ ಕಡೆ ಸ್ಪರ್ಶ ಕಮ್ಮಿ ಇದೆ, ನರ ಕತ್ತರಿಸಿದೆಯಾ ನೋಡಿ." ಹಾಗೆಯೇ ಆಪರೇಷನ್ ದಿನ ಯಾವ ಕೈ, ಯಾವ ಬೆರಳು ಅಂತ ನಿಮ್ಮೆದುರೇ ಪೆನ್ನಲ್ಲಿ ಗುರುತು ಹಾಕಿಸಿಕೊಳ್ಳಿ. ಉಪಕರಣ ಆಟೋಕ್ಲೇವ್ ಆಗಿದೆಯಾ ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಬೇಜಾರು ಮಾಡಿಕೊಳ್ಳಲ್ಲ.

ಮನೆಗೆ ಹೋದ ಮೇಲೆ ಎರಡು ದಿನ ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳಿ, ಬೆರಳು ಆಡಿಸುತ್ತಾ ಇರಿ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಮೂರನೇ ದಿನ ಏರಿದರೆ, ಬೆರಳ ತುದಿ ಬಿಳಿಚಿಕೊಂಡರೆ ಅಥವಾ ಕಪ್ಪಾದರೆ, ನಾಳೆ ನೋಡೋಣ ಅನ್ನಬೇಡಿ. ಬ್ಯಾಂಡೇಜ್ ಬಿಚ್ಚಿಸಿ.

ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ, ಆಗಿನಿಂದ ಉಂಗುರದ ಬೆರಳನ್ನು ಒತ್ತಿಕೊಳ್ಳುತ್ತಾ ಇದ್ದೀರಿ. ಮೊದಲು ನಿಮ್ಮ ಪ್ರಶ್ನೆ ಕೇಳಿ.