ಗುರುವಾರ ನಾಲ್ಕರಿಂದ ಆರು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಪ್ಪ 31 ವರ್ಷ ಬಸ್ ಕಂಡಕ್ಟರ್ ಆಗಿದ್ದರು. ಮೈಸೂರು, ಮಂಡ್ಯ, ಮದ್ದೂರು ಅಂತ ಅದೇ ದಾರಿಯಲ್ಲಿ ಎಷ್ಟು ಸಲ ಓಡಾಡಿದರೋ ಲೆಕ್ಕವಿಲ್ಲ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಲಗೈಯಿಂದ ಬ್ರಷ್ ಜಾರಿ ಬಿತ್ತು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಜೊತೆಗೆ ಮಾತೂ ಹೋಯಿತು. ಬಲಗೈಯನ್ನು ಆಡಿಸುವುದು ಮೆದುಳಿನ ಎಡಭಾಗ. ಬಹುಪಾಲು ಜನರಿಗೆ ಮಾತು ಹುಟ್ಟುವುದೂ ಅಲ್ಲೇ ಅಂತೆ.

ಅಪ್ಪನಿಗೆ ಉಳಿದಿದ್ದು ಒಂದೇ ಪದ. ‘ರೈಟ್’. ಹಸಿವಾದರೂ ರೈಟ್, ಕೋಪ ಬಂದರೂ ರೈಟ್. ಕಾಫಿಗೆ ಸಕ್ಕರೆ ಕಮ್ಮಿಯಾದರೆ ಮಾತ್ರ ಸ್ವಲ್ಪ ಎಳೆದು ‘ರೈ...ಟ್’. ಯಾವ ರೈಟಿಗೆ ಏನು ಅರ್ಥ ಅಂತ ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಡಿಸ್ಚಾರ್ಜ್ ಮಾಡುವಾಗ ಆಸ್ಪತ್ರೆಯವರು ಮಾತ್ರೆ ಚೀಟಿ ಕೊಟ್ಟು ‘ಇನ್ನು ಮನೇಲೇ ನೋಡ್ಕೊಳ್ಳಿ’ ಅಂದರು. ನೋಡಿಕೊಳ್ಳುವುದು ಹೇಗೆ ಅಂತ ಹೇಳಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ ಅಂತ ನನಗೇನು ಗೊತ್ತು? ನಾನು ಬ್ಲೌಸ್ ಹೊಲಿಯುವವಳು. ಸ್ವಾಧೀನವಿಲ್ಲದ ಕೈ ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಸಡಿಲವಾಗುತ್ತದೆ ಅಂತ ಹೇಳಿದ್ದು ಆಮೇಲೆ ಬಂದ ಫಿಸಿಯೋಥೆರಪಿ ಹುಡುಗಿ. ಅಷ್ಟರಲ್ಲಿ ನಾನು ಎರಡು ವಾರ ಅದನ್ನೇ ಮಾಡಿದ್ದೆ. ನನ್ನ ಸೊಂಟ ಉಳಿದಿದ್ದೂ ಅವಳಿಂದಲೇ. ಅಮ್ಮನ ಹಳೇ ನೂಲಿನ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿಸಿ ಅಪ್ಪನ ಬೆನ್ನಿನಡಿ ಹಾಸಿಸಿದಳು. ಮೈ ಹಿಡಿದು ಎಳೆಯುವುದು ಬೇಡ, ಸೀರೆಯ ಅಂಚು ಹಿಡಿದು ನಿಧಾನಕ್ಕೆ ಹೊರಳಿಸಿ ಅಂದಳು. ಅಮ್ಮ ಹೋಗಿ ಎಂಟು ವರ್ಷ. ಆ ಸೀರೆ ಇವತ್ತಿಗೂ ಅಪ್ಪನನ್ನು ಹೊರುತ್ತಿದೆ.

ನೀರು ಕುಡಿಸಿದರೆ ಕೆಮ್ಮು ಬರುತ್ತಿತ್ತು. ರಾಗಿ ಗಂಜಿ ಕುಡಿಸಿದರೆ ಇಲ್ಲ. ನನಗೆ ಆಶ್ಚರ್ಯ. ನುಂಗುವ ಶಕ್ತಿ ಕುಂದಿದಾಗ ತೆಳ್ಳಗಿದ್ದದ್ದು ಬೇಗ ಶ್ವಾಸನಾಳಕ್ಕೆ ಇಳಿದುಬಿಡುತ್ತದೆ, ಮಂದವಾಗಿದ್ದರೆ ನುಂಗಲು ಸಮಯ ಸಿಗುತ್ತದೆ ಅಂತ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದಾಗ ಗೊತ್ತಾಯಿತು. 1965ರಿಂದ ನಮ್ಮೂರು ಮೈಸೂರಲ್ಲೇ ಇರುವ ಸಂಸ್ಥೆ ಅದು. ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ.

ಅಲ್ಲೇ ಇನ್ನೊಂದು ವಿಷಯ ಹೇಳಿದರು. ಹೊಸದಾಗಿ ಮಾತು ಜೋಡಿಸಲು ಆಗದವರಿಗೂ ಬಾಯಿಪಾಠವಾಗಿದ್ದದ್ದು ಕೆಲವು ಸಲ ತಾನಾಗೇ ಬರುತ್ತದಂತೆ. ಒಂದು ಎರಡು ಎಣಿಸುವುದು, ವಾರದ ಹೆಸರು, ಹಾಡು. ಅಪ್ಪನಿಗೆ ಬಾಯಿಪಾಠ ಏನಿತ್ತು? ಸ್ಟಾಪುಗಳು!

ಇದನ್ನು ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳುತ್ತೇನೆ. ಹೆಣ್ಣುಮಗಳು ಅಪ್ಪನ ಮೈ ತೊಳೆಯುವುದು ಸುಲಭದ ಮಾತಲ್ಲ. ನನಗೆ ಕಷ್ಟ, ಅವರಿಗೆ ಇನ್ನೂ ಕಷ್ಟ. ಮೊದಮೊದಲು ಗೋಡೆ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು. ಒಂದು ದಿನ ಟವೆಲ್ ಹೊದಿಸಿ, ಬಿಸಿನೀರಿನ ಬಟ್ಟೆ ಹಿಂಡುತ್ತಾ ಸುಮ್ನೆ ಶುರು ಮಾಡಿದೆ. ‘ಶ್ರೀರಂಗಪಟ್ಟಣ ಯಾರ್ರೀ ಇಳಿಯೋರು?’ ಅಪ್ಪ ಕಣ್ಣು ಬಿಟ್ಟರು. ‘ರೈಟ್’. ಬಾಬುರಾಯನಕೊಪ್ಪಲು. ರೈಟ್. ಆ ಕಡೆ ಕೈ ತೊಳೆದೆ. ಮುಂದಿನ ಸ್ಟಾಪ್ ನಾನು ಮರೆತೆ. ನಿಜವಾಗಿ ಮರೆತೆ. ಅಪ್ಪ ಬಾಯಿ ತೆರೆದು, ತಡವರಿಸಿ, ‘ಗ... ಗಣಂಗೂರು’ ಅಂದರು. ನಾನು ಬಟ್ಟೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಈಗ ನಮ್ಮ ಸ್ನಾನ ತೂಬಿನಕೆರೆ, ಇಂಡುವಾಳು, ಮಂಡ್ಯ ದಾಟಿ ಗೆಜ್ಜಲಗೆರೆ ಹೊತ್ತಿಗೆ ಪೌಡರ್ ಹಾಕುವುದಕ್ಕೆ ಬರುತ್ತದೆ. ಮದ್ದೂರಲ್ಲಿ ಅಂಗಿ.

ಹೀಗೆ ಹೇಳಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ಹಾಗಿಲ್ಲ. ಒಂದು ರಾತ್ರಿ ಮೂರನೇ ಸಲ ಹಾಸಿಗೆ ಒದ್ದೆಯಾದಾಗ ‘ಬೇಕಂತಲೇ ಮಾಡ್ತೀರಾ?’ ಅಂತ ಕೂಗಿಬಿಟ್ಟೆ. ಅಪ್ಪ ರೈಟ್ ಕೂಡ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ. ಬೆಳಗಿನ ಜಾವ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ. ಕನ್ನಡದಲ್ಲೇ ಮಾತಾಡಿದರು. ದೊಡ್ಡ ಉಪದೇಶವೇನೂ ಮಾಡಲಿಲ್ಲ. ‘ನೀವು ಕೊನೇ ಸಲ ಪೂರ್ತಿ ನಿದ್ದೆ ಮಾಡಿದ್ದು ಯಾವಾಗ?’ ಅಂತ ಕೇಳಿದರು. ನೆನಪಾಗಲಿಲ್ಲ.

ನಿದ್ದೆ ಅಂದೆನಲ್ಲ, ಅದರ ಲೆಕ್ಕ ನೋಡಿ. ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ ಒಂದು ಸಮೀಕ್ಷೆ ಮಾಡುತ್ತದೆ. ಬೆಳಿಗ್ಗೆ ನಾಲ್ಕರಿಂದ ಮಾರನೇ ದಿನ ನಾಲ್ಕರವರೆಗೆ, ಅರ್ಧರ್ಧ ಗಂಟೆಯಾಗಿ ಕೇಳಿ ಬರೆದುಕೊಳ್ಳುತ್ತಾರೆ. 2024ರ ಲೆಕ್ಕದಲ್ಲಿ, 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆ ಮಾಡುತ್ತಾರೆ, ದಿನಕ್ಕೆ 140 ನಿಮಿಷ. ಗಂಡಸರಲ್ಲಿ ನೂರಕ್ಕೆ 21ರ ಮೇಲೆ, 74 ನಿಮಿಷ. ಮಕ್ಕಳು, ವಯಸ್ಸಾದವರು, ಕಾಯಿಲೆಯವರು ಎಲ್ಲ ಸೇರಿ. ಲೆಕ್ಕ ಇಟ್ಟಿದ್ದೇ ದೊಡ್ಡದು, ಒಪ್ಪುತ್ತೇನೆ. ಆದರೆ ರಾತ್ರಿ ಒಂದು ಕಿವಿ ತೆರೆದುಕೊಂಡು ಮಲಗುತ್ತೇವಲ್ಲ, ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ನಿದ್ದೆಯಲ್ಲೋ, ಆರೈಕೆಯಲ್ಲೋ?

2024ರ ರಾಜ್ಯ ಬಜೆಟ್ಟಿನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಿಸಿದರು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಈ ನಾಲ್ಕು ಕಾಯಿಲೆಗೆ. ಅಪ್ಪನದು ಪಟ್ಟಿಯಲ್ಲಿಲ್ಲ. ಇರಲಿ. ನನಗೆ ತಿಂಗಳಿಗೆ ನಲವತ್ತು ಬ್ಲೌಸ್ ಬರುತ್ತಿತ್ತು, ಈಗ ಹತ್ತು ಹೊಲಿದರೆ ಹೆಚ್ಚು.

ಆದರೆ ದುಡ್ಡಿಗಿಂತ ಜಾಸ್ತಿ ಸಿಟ್ಟು ಬರಿಸುವುದು ಒಂದು ಪದ. ಪುಣ್ಯ. ನೋಡಲು ಬಂದವರು ಮೋಸಂಬಿ ಚೀಲ ಇಟ್ಟು, ಐದು ನಿಮಿಷ ಕೂತು, ಎದ್ದು ಹೋಗುವಾಗ ‘ಪುಣ್ಯ ಕಟ್ಕೊಂಡೆ ಕಣಮ್ಮ’ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ ಪ್ರತಿ ತಿಂಗಳು ದುಡ್ಡು ಹಾಕುತ್ತಾನೆ, ಭಾನುವಾರ ವಿಡಿಯೋ ಕಾಲ್ ಮಾಡುತ್ತಾನೆ, ಕೆಟ್ಟವನಲ್ಲ. ‘ನೀನಿದ್ದೀಯಲ್ಲ, ನಂಗೆ ಧೈರ್ಯ. ಈ ಪುಣ್ಯ ನನಗೆಲ್ಲಿ ಬರುತ್ತೆ?’ ಅಂದ. ‘ಬಾ ಅಣ್ಣ, ಒಂದು ವಾರ ನೀನೂ ತಗೋ’ ಅಂದೆ. ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ. ಪುಣ್ಯ ಅಂದ ತಕ್ಷಣ ಅದು ಹಂಚಿಕೊಳ್ಳುವ ಕೆಲಸವಾಗಿ ಉಳಿಯುವುದಿಲ್ಲ, ನನ್ನ ಖಾತೆಗೆ ಬಿದ್ದು ಅಲ್ಲಿಗೆ ಮುಗಿಯುತ್ತದೆ.

ಪುಣ್ಯದ ಮಾತೆತ್ತದವರು ಒಬ್ಬರಿದ್ದಾರೆ, ಎದುರುಮನೆ ಅಕ್ಕ. ಅಂಗನವಾಡಿಯಲ್ಲಿದ್ದು ರಿಟೈರ್ ಆದವರು. ಒಂದು ಗುರುವಾರ ಬಂದು, ‘ನಾಲ್ಕರಿಂದ ಆರು ನಾನು ಕೂತಿರ್ತೀನಿ, ನೀನು ಎಲ್ಲಾದ್ರೂ ಹೋಗ್ಬಿಟ್ಟು ಬಾ’ ಅಂದರು. ಎಲ್ಲಿಗೆ ಅಂತ ನನಗೇ ತೋಚಲಿಲ್ಲ. ಕುಕ್ಕರಹಳ್ಳಿ ಕೆರೆ ಏರಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತೆ. ಹತ್ತು ನಿಮಿಷಕ್ಕೊಂದು ಸಲ ಫೋನ್ ನೋಡಿದೆ. ಆಮೇಲೆ ಕೂತಲ್ಲೇ ನಿದ್ದೆ ಹೋದೆ. ವಾಕಿಂಗ್ ಬಂದಿದ್ದ ಯಾರೋ ಹಿರಿಯರು ‘ಏನಮ್ಮ, ಹುಷಾರಿಲ್ವಾ?’ ಅಂತ ಎಬ್ಬಿಸಿದರು. ಅವತ್ತಿನಿಂದ ಎರಡು ವರ್ಷವಾಯಿತು, ಅಕ್ಕ ನಾಲ್ಕೋ ಐದೋ ಗುರುವಾರ ತಪ್ಪಿಸಿರಬಹುದು. ಹಣ್ಣು ತರುವುದಿಲ್ಲ. ಬರುವಾಗ ಬಿಡಿಸಬೇಕಾದ ಅವರೆಕಾಯಿ ತರುತ್ತಾರೆ. ಅಪ್ಪ ಎಡಗೈಯಲ್ಲಿ ಒಂದೆರಡು ಬಿಡಿಸುತ್ತಾರೆ.

ಇವತ್ತೂ ಗುರುವಾರವೇ. ಯಾದವಗಿರಿಯ ಈ ಸ್ಟುಡಿಯೋದಲ್ಲಿ ಕೂತು ಓದುತ್ತಿದ್ದೇನೆ, ಅಕ್ಕ ಮನೆಯಲ್ಲಿದ್ದಾರೆ. ಹೊರಡುವಾಗ ಹೇಳಿದೆ, ‘ಅಪ್ಪಾ, ರೇಡಿಯೋದಲ್ಲಿ ಮಾತಾಡಕ್ಕೆ ಹೋಗ್ತಿದ್ದೀನಿ.’ ರೈಟ್ ಅಂದರು. ನಂಬಿದ ರೈಟೋ, ನಂಬದ ರೈಟೋ ಗೊತ್ತಾಗಲಿಲ್ಲ. ಗಂಟೆ ಐದೂಕಾಲು. ಇಲ್ಲಿಂದ ನಂಜುಮಳಿಗೆಗೆ ಹೋಗಬೇಕು, ಬಸ್ಸು ಬೇಗ ಸಿಕ್ಕಬೇಕು, ಆರಕ್ಕೆ ನಾನು ಮನೆಯಲ್ಲಿರಬೇಕು. ಬರುತ್ತೇನೆ. ನಮಸ್ಕಾರ.